ಹೊತ್ತಲ್ಲದ ಹೊತ್ತಿನ ಹಾರ್ಮೋನಿಯಂ

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾದ ಮೊದಲ ಶನಿವಾರ ನಡೆದ ಸಂಗತಿ ಇದು. ನಾನು ಕುಷ್ಟಗಿ ತಾಲ್ಲೂಕಿನಲ್ಲಿ, ಹನುಮಸಾಗರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಊರವರು ಇದನ್ನು ಓದಿ, ನಾನು ಬಸ್ಸಿನಿಂದ ಇಳಿಯುವಾಗಲೇ "ಅಕ್ಕೋರ, ಇವತ್ತ ಯಾರು ಹೋದ್ರರಿ?" ಎಂದು ಮತ್ತೆ ಕಾಡಲು ಶುರು ಮಾಡುತ್ತಾರೆ. ಈಗೀಗ ಸ್ವಲ್ಪ ಮರೆತಿದ್ದಾರೆ, ಮರೆತೇ ಇರಲಿ.

ನನ್ನ ತವರು ಗಂಗಾವತಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು, ಅವರಿಗೆ ಹಿಂದುಸ್ತಾನಿ ಸಂಗೀತದ ಹುಚ್ಚು. ನನಗೆ ಹಾರ್ಮೋನಿಯಂ, ತಮ್ಮ ಮಂಜುನಾಥನಿಗೆ ವಯಲಿನ್ ಕಲಿಸಿದರು. ಅವನು ಅದರಲ್ಲೇ ಮುಂದುವರಿದು ಈಗ ಗಂಗಾವತಿಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾನೆ. ನಾನು ಮದುವೆ, ಮಕ್ಕಳು, ನೌಕರಿ ಎಂದು ಹಾರ್ಮೋನಿಯಮ್ಮನ್ನು ಅಟ್ಟಕ್ಕೆ ಹಾಕಿದ್ದೆ. ಈ ಹಳ್ಳಿಗೆ ವರ್ಗವಾಗಿ ಬಂದಿದ್ದು ಅದೇ ವರ್ಷದ ಜೂನ್‌ನಲ್ಲಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕಲಿಯುವ ನಲಿ-ಕಲಿ ನನ್ನ ಪಾಲಿಗೆ ಬಂತು.

ಒಂದು ದಿನ ವಾದ್ಯಗಳ ಚಿತ್ರಪಟ ತೂಗು ಹಾಕಿ, ಇದೇನು, ಅದೇನು ಎಂದು ಕೇಳುತ್ತಿದ್ದೆ. ತಬಲಾ ತೋರಿಸಿದರೆ ಒಬ್ಬ "ಎರಡು ಗಡಿಗಿರಿ" ಎಂದ. ವಯಲಿನ್ ತೋರಿಸಿದರೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಮೂರನೇ ತರಗತಿಯ ಜಾಣೆಯೊಬ್ಬಳು "ಟೀಚರ್, ಇವೆಲ್ಲಾ ಮೊಬೈಲ್ ಒಳಗ ಇರತಾವ್ರಿ" ಎಂದಳು. ಮಕ್ಕಳ ಮೇಲೆ ಸಿಟ್ಟು ಬರಲಿಲ್ಲ. ಅವರಿಗೆ ಗೊತ್ತಿದ್ದ ಸಂಗೀತವೆಲ್ಲ ಡಿಜೆ ಡಬ್ಬಿಯಿಂದಲೋ ಫೋನಿನಿಂದಲೋ ಬಂದದ್ದು. ಆದರೆ ನನಗೊಂದು ಹಟವಿದೆ, ತಲೆಯಲ್ಲಿ ಏನಾದರೂ ಹೊಕ್ಕರೆ ಅದು ಮುಗಿಯುವವರೆಗೆ ಊಟ ರುಚಿಸುವುದಿಲ್ಲ. ಈ ಮಕ್ಕಳು ವಾದ್ಯಗಳನ್ನು ಕೈಯಿಂದ ಮುಟ್ಟಬೇಕು, ಎದುರಿಗೆ ಕುಳಿತು ಕೇಳಬೇಕು ಎಂದು ತೀರ್ಮಾನಿಸಿದೆ.

ಹೆಡ್‌ಮಾಸ್ತರರನ್ನು ಕೇಳಿದೆ. ಅವರು ಯಾವುದಕ್ಕೂ ಬೇಡ ಎನ್ನುವವರಲ್ಲ, ಹಾಗೆಂದು ಯಾವುದಕ್ಕೂ ಪೂರ್ತಿ ಹೂಂ ಎನ್ನುವವರೂ ಅಲ್ಲ. "ಶನಿವಾರ ಬೆಳಗಿನ ಸಾಲಿ ಇರತೈತಲ್ಲ, ಅವಾಗ ಮಾಡ್ರಿ. ಏನೂ ಗದ್ದಲ ಆಗಬಾರದು ನೋಡ್ರಿ" ಎಂದರು. ಗದ್ದಲ ಏನಾದೀತು ಸಂಗೀತದಿಂದ ಎಂದು ನಾನು ನಕ್ಕೆ.

ಆ ಶನಿವಾರ ನಸುಕಿನಲ್ಲೇ ಮಂಜುನಾಥ ವಯಲಿನ್ ಹಿಡಿದು ಬಂದ. ಜೊತೆಗೆ ಅವನ ಗೆಳೆಯ, ಕಾರಟಗಿಯ ಖಾಜಾಸಾಬ್. ಮದುವೆಯ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುವವರು. ಸಿನಿಮಾ ಹಾಡು ಊದಿ ಹೊಟ್ಟೆ ತುಂಬಿಸಿಕೊಂಡರೂ ಮನೆಯಲ್ಲಿ ಅವರು ಊದುವುದು ರಾಗಗಳನ್ನೇ. ಹಾರ್ಮೋನಿಯಂ ನನ್ನದು. ಮಕ್ಕಳು ಲಯಕ್ಕೆ ಸರಿಯಾಗಿ ತಟ್ಟಲಿ ಎಂದು ಹನುಮಪ್ಪನ ಗುಡಿಯಿಂದ ಒಂದಿಷ್ಟು ತಾಳಗಳನ್ನು ಕೇಳಿ ತರಿಸಿದ್ದೆ. ಇಡೀ ಎಡವಟ್ಟಿಗೆ ಬೀಜ ಬಿತ್ತಿದ್ದು ಇಲ್ಲೇ.

ಮಕ್ಕಳನ್ನು ಶಾಲೆಯ ಪಡಸಾಲೆಯಲ್ಲಿ ಕೂರಿಸಿದೆವು. ಖಾಜಾಸಾಬ್ ಪೆಟ್ಟಿಗೆ ತೆರೆದಾಗ ಕ್ಲಾರ್ನೆಟ್ ತುಂಡು ತುಂಡಾಗಿ ಮಲಗಿತ್ತು. "ಅಯ್ಯ, ಮುರದೈತಿ!" ಎಂದು ಮಕ್ಕಳು ಕೂಗಿದರು. ಅವರು ಒಂದೊಂದೇ ತುಂಡನ್ನು ತಿರುಗಿಸಿ ಜೋಡಿಸಿ ಉದ್ದ ಕೊಳವೆ ಮಾಡಿ ತೋರಿಸಿದರು. ಮಂಜುನಾಥ ಕಾಲು ಮಡಚಿ ಕುಳಿತು ವಯಲಿನ್ ಮೇಲೆ ಕಮಾನು ಎಳೆದ ಕೂಡಲೇ ಒಬ್ಬ ಹುಡುಗ "ಕಟ್ಟಿಗಿ ಕೊಯ್ಯಾಕತ್ತಾರ" ಎಂದ. ನಕ್ಕೂ ನಕ್ಕೂ ಸಾಕಾಯಿತು. ಪ್ರತಿಯೊಬ್ಬರೂ ತಂತಿ ಮುಟ್ಟಿದರು, ಗುಂಡಿ ಒತ್ತಿದರು. ಅಲ್ಲಿಯವರೆಗೆ ಎಲ್ಲವೂ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು.

ಆಮೇಲೆ ನಾನು ಹಾರ್ಮೋನಿಯಂ ತೆಗೆದೆ, ಇಲ್ಲಿಯವರ ಬಾಯಲ್ಲಿ ಅದು ಪೇಟಿ. ಬೆಳಗಿನ ಹೊತ್ತು, ಭೈರವ ರಾಗವನ್ನು ನಿಧಾನವಾಗಿ ನುಡಿಸಿ, ಅದರಲ್ಲೇ ಒಂದು ಭಜನೆಯ ಧಾಟಿ ಹಿಡಿದೆ. ದೊಡ್ಡ ಮಕ್ಕಳು ತಾಳ ತಟ್ಟಿದರು. ಖಾಜಾಸಾಬ್ ಹಿಂದಿನಿಂದ ಸಣ್ಣಗೆ ಊದಿದರು. ಎಷ್ಟೋ ವರ್ಷದ ಮೇಲೆ ನುಡಿಸುತ್ತಿದ್ದೆನಲ್ಲ, ನಾನು ಕಣ್ಣು ಮುಚ್ಚಿಬಿಟ್ಟಿದ್ದೆ.

ಕಣ್ಣು ಬಿಟ್ಟಾಗ ಒಂದನೇ ತರಗತಿಯ ಭಾಗ್ಯಾ ಕುಳಿತಿದ್ದ ಜಾಗ ಖಾಲಿಯಿತ್ತು. ನೀರು ಕುಡಿಯಲು ಹೋಗಿರಬೇಕು ಎಂದುಕೊಂಡೆ. ಐದು ನಿಮಿಷ ಕಳೆದಿರಲಿಕ್ಕಿಲ್ಲ, ಶಾಲೆಯ ಗೇಟಿನ ಹೊರಗೆ ಹೆಂಗಸರು ಸೆರಗು ತಲೆಗೆ ಹೊದ್ದು ಅವಸರದಿಂದ ಹೋಗುವುದು ಕಾಣಿಸಿತು. ಒಬ್ಬರು, ಇಬ್ಬರು, ಆಮೇಲೆ ಗುಂಪು. ಹಿಟ್ಟಿನ ಗಿರಣಿಯ ಸದ್ದು ಸ್ತಬ್ಧವಾಯಿತು. ಗಿರಣಿಯವನು ಮುಖಕ್ಕೆ ಮೆತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ಬಂದು ಗೇಟಿನಲ್ಲಿ ನಿಂತು, "ಅಕ್ಕೋರ, ಹುಲಿಗೆವ್ವಾಯಿ ಯಾವಾಗ ತೀರಿಕೊಂಡಳರಿ?" ಎಂದು ಕೇಳಿದ.

ಮೊದಲು ಅರ್ಥ ಮಾಡಿಕೊಂಡದ್ದು ಖಾಜಾಸಾಬ್. ಕ್ಲಾರ್ನೆಟ್ ಕೆಳಗಿಟ್ಟು, "ಅಕ್ಕಾ, ಬಂದ್ ಮಾಡ್ರಿ. ಇವರು ಮಯ್ಯತ್ ಆಗೈತಂತ ತಿಳಿದಾರ" ಎಂದರು.

ಈ ಭಾಗದ ಹಳ್ಳಿಗಳಲ್ಲಿ ಭಜನೆ ನಡೆಯುವುದು ರಾತ್ರಿ, ಗುಡಿಯಲ್ಲಿ. ಹೊತ್ತೇರಿದ ಮೇಲೆ, ಕೆಲಸದ ವೇಳೆಯಲ್ಲಿ, ಮನೆಗಳ ಕಡೆಯಿಂದ ಹಾರ್ಮೋನಿಯಂ ಮತ್ತು ತಾಳದ ಸದ್ದು ಬಂದರೆ ಅದಕ್ಕೆ ಒಂದೇ ಅರ್ಥ. ಯಾರೋ ತೀರಿಕೊಂಡಿದ್ದಾರೆ, ಶವದ ಮುಂದೆ ಭಜನೆಗೆ ಕೂತಿದ್ದಾರೆ. ಗುಡಿಯ ಆ ತಾಳಗಳ ಸದ್ದು ಊರಿನ ಪ್ರತಿ ಕಿವಿಗೂ ಗೊತ್ತು. ಗಂಗಾವತಿಯಲ್ಲಿ ಬೆಳೆದ ನನಗೆ ಮಾತ್ರ ಗೊತ್ತಿರಲಿಲ್ಲ. ನಮ್ಮಲ್ಲಿ ಒಂದು ಕಲ್ಯಾಣ ಮಂಟಪದ ವಾದ್ಯ ನಿಂತರೆ ಇನ್ನೊಂದರದು ಶುರುವಾಗುತ್ತದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ.

ಹುಲಿಗೆವ್ವ ನಮ್ಮ ಭಾಗ್ಯಾಳ ಅಜ್ಜಿ. ಶಾಲೆಯಿಂದ ಎರಡು ಮನೆ ಆಚೆಗೇ ಅವರ ಮನೆ. ಉಬ್ಬಸ ಹೆಚ್ಚಾಗಿ ಕುಷ್ಟಗಿ ಆಸ್ಪತ್ರೆಗೆ ಸೇರಿಸಿ, ಆ ವಾರವಷ್ಟೇ ಮನೆಗೆ ಕರೆತಂದಿದ್ದರು. ಊರೆಲ್ಲ ಇವತ್ತೋ ನಾಳೆಯೋ ಎಂದು ಕಿವಿ ನೆಟ್ಟುಕೊಂಡಿತ್ತು. ಅಂಥದರಲ್ಲಿ ನಾನು ಭಜನೆ ನುಡಿಸಿದ್ದೆ, ಅದನ್ನು ಕೇಳಿ ಆ ಮನೆಯ ಕೂಸೇ "ಆಯೀ..." ಎಂದು ಅಳುತ್ತ ಓಣಿಯಲ್ಲಿ ಓಡಿತ್ತು. ಇನ್ನು ಯಾರಿಗೆ ಅನುಮಾನ ಉಳಿಯುತ್ತದೆ?

ನಾನೂ ಹೆಡ್‌ಮಾಸ್ತರರೂ ಓಡಿದೆವು. ಮನೆಯ ಮುಂದೆ ಜನ ಕಿಕ್ಕಿರಿದಿದ್ದರು. ಎದುರು ಮನೆಯ ಗಂಗವ್ವ ಎಂಬಾಕೆ ಹೊಸ್ತಿಲ ಬಳಿ ಕುಳಿತು ಎದೆ ಬಡಿದುಕೊಂಡು ಹಾಡಿಕೊಂಡು ಅಳುತ್ತಿದ್ದರು. "ಯವ್ವಾ ನನ್ನ ಹುಲಿಗೆವ್ವಾ, ಬಂದವರಿಗೆಲ್ಲಾ ರೊಟ್ಟಿ ಹಾಕಿದಾಕಿ, ಬಂಗಾರದಂಥಾ ಗುಣದಾಕಿ, ನನ್ನ ಬಿಟ್ಟು ಎಲ್ಲಿ ಹೋದೆವ್ವಾ..." ಬಚ್ಚಲ ನೀರಿನ ವಿಷಯಕ್ಕೆ ಇವರಿಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ.

ಒಳಗೆ ಹುಲಿಗೆವ್ವ ಹೊರಸಿನ ಮೇಲೆ ಎದ್ದು ಕುಳಿತು ತಾಟಿನಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ಬಾಗಿಲಿನ ಕಡೆ ಕತ್ತು ಚಾಚಿ, "ಯಾರಬೇ ಸತ್ತಾರು?" ಎಂದು ಕೇಳಿದರು.

ಗಂಗವ್ವನ ಅಳು ಗಂಟಲಲ್ಲೇ ನಿಂತಿತು. ಹುಲಿಗೆವ್ವ ನಡೆದದ್ದನ್ನು ಗ್ರಹಿಸಿಕೊಂಡು, ಚಹಾದ ತಾಟನ್ನು ಕೆಳಗಿಟ್ಟು, "ಯಾಕ ನಿಂದ್ರಿಸಿದಿ ಗಂಗವ್ವಾ? ಹಾಡು, ಹಾಡು. ಇಷ್ಟು ಛಲೋ ಇದ್ದೀನಂತ ಮೊದಲ ಹೇಳಿದ್ರ ಬಚ್ಚಲ ನೀರು ಆ ಕಡೆ ತಿರುವತಿದ್ನಿ" ಎಂದರು. ಅಳಲು ಬಂದವರೆಲ್ಲ ಬಿದ್ದು ಬಿದ್ದು ನಕ್ಕರು. ಗಂಗವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸಿತ್ತು.

ನಗದೇ ಇದ್ದವಳು ಇನ್ನೊಬ್ಬಳಿದ್ದಳು. ಭಾಗ್ಯಾ ಅಜ್ಜಿಯ ಹೊರಸಿನ ಕಾಲನ್ನು ತಬ್ಬಿಕೊಂಡು ಕುಳಿತಿದ್ದಳು. ನಾನು ಹತ್ತಿರ ಹೋಗಿ "ಭಾಗ್ಯಾ" ಎಂದೆ. ನನ್ನ ಮುಖ ನೋಡಿದ್ದೇ ತಡ, ಚಿಟ್ಟನೆ ಚೀರಿ ಜೋಳದ ಚೀಲಗಳ ಹಿಂದೆ ಹೋಗಿ ಅವಿತಳು. ನನ್ನನ್ನು ನೋಡಿ ಮಗುವೊಂದು ಹಾಗೆ ಹೆದರಿದ್ದು ಅದೇ ಮೊದಲು.

ಭಾಗ್ಯಾಳ ತಂದೆ ಶರಣಪ್ಪ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಾರೆ. ಯಾರೋ ಪುಣ್ಯಾತ್ಮರು ಆಗಲೇ ಫೋನು ಹಚ್ಚಿ ಸುದ್ದಿ ಮುಟ್ಟಿಸಿದ್ದರು. ಸುಳ್ಳು ಸುದ್ದಿ ಎಂದು ಹೇಳೋಣವೆಂದರೆ ಅವರು ಬೈಕಿನ ಮೇಲಿದ್ದರು, ಫೋನ್ ಎತ್ತಲಿಲ್ಲ. ನಾವು ಅಲ್ಲೇ ಕಾದೆವು. ಮಧ್ಯಾಹ್ನದ ಬಿಸಿಲಲ್ಲಿ ಬೆವರಿಳಿಸಿಕೊಂಡು, ಕಣ್ಣು ಕೆಂಪಾಗಿಸಿಕೊಂಡು, ಕೈಯಲ್ಲಿ ದೊಡ್ಡ ಹೂವಿನ ಹಾರ ಹಿಡಿದು ಅವರು ಒಳಗೆ ಬಂದರು. ತಾಯಿ ಕುಳಿತದ್ದನ್ನು ಕಂಡು ಅಲ್ಲೇ ಕುಸಿದರು. "ತಂದಿದ್ದು ಹಾಳು ಮಾಡಬ್ಯಾಡಪ್ಪಾ, ಎಮ್ಮಿ ಕೊರಳಾಗ ಹಾಕು" ಎಂದರು ಹುಲಿಗೆವ್ವ. ಆದರೆ ಶರಣಪ್ಪ ನಗುವ ಸ್ಥಿತಿಯಲ್ಲಿರಲಿಲ್ಲ.

ಅವರು ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. "ಅಕ್ಕೋರ, ನಿಮಗ ಗೊತ್ತಿಲ್ಲ, ಹೇಳತೀನಿ ಕೇಳ್ರಿ. ಹೋದ ವರ್ಷ ನಮ್ಮ ಮನಿಯಾಕಿ ಕಾಮಾಲಿಯಾಗಿ ದವಾಖಾನ್ಯಾಗ ತೀರಿಕೊಂಡಳು. ಈ ಕೂಸು ಅಂಗನವಾಡ್ಯಾಗಿತ್ತು. ಇದಕ್ಕ ಯಾರೂ ಹೇಳಿದ್ದಿಲ್ಲ. ಪೇಟಿ ಸಪ್ಪಳ ಕೇಳಿ, ಏನೋ ಐತಿ ಮನ್ಯಾಗಂತ ಖುಷಿಲೆ ಓಡಿ ಬಂತು. ಬಂದು ನೋಡತೈತಿ, ಅವರವ್ವನ್ನ ಕುಂದ್ರಿಸ್ಯಾರ, ಹಾರ ಹಾಕ್ಯಾರ. ಇವತ್ತ ಮತ್ತ ಅದನ್ನ ಮಾಡಿದ್ರಲ್ಲರಿ ನೀವು. ಆ ಪೇಟಿ ಇರೋತನಕಾ ನನ್ನ ಮಗಳು ನಿಮ್ಮ ಸಾಲಿಗೆ ಬರೂದಿಲ್ಲ."

ಹೆಡ್‌ಮಾಸ್ತರರು ಕೈಮುಗಿದು "ಇನ್ನ ಪೇಟಿ ಗೀಟಿ ಏನೂ ಇಲ್ಲ ಬಿಡಪ್ಪಾ, ಪಾಠ ಅಷ್ಟ" ಎಂದರು. ಆ ರಾತ್ರಿ ಹಾರ್ಮೋನಿಯಮ್ಮನ್ನು ಮತ್ತೆ ಅಟ್ಟಕ್ಕೆ ಏರಿಸಿದೆ.

ಸೋಮವಾರ ಭಾಗ್ಯಾ ಬರಲಿಲ್ಲ. ಮಂಗಳವಾರವೂ ಇಲ್ಲ. ಪೇಟಿ ಇಲ್ಲ ಎಂದು ಹೇಳಿಕಳಿಸಿದರೂ ಬರಲಿಲ್ಲ. ಅಪ್ಪ ಬೇಡ ಎಂದದ್ದಕ್ಕಲ್ಲ, ಅವಳೇ ಮನೆ ಬಿಟ್ಟು ಕದಲುತ್ತಿರಲಿಲ್ಲ. ಅಜ್ಜಿ ಹಿತ್ತಲಿಗೆ ಹೋದರೆ ಬೆನ್ನ ಹಿಂದೆ, ಅಜ್ಜಿ ಮಲಗಿದರೆ ಪಕ್ಕದಲ್ಲಿ. ಉಳಿದ ಮಕ್ಕಳು "ಟೀಚರ್, ಕರೀ ಕೊಳವಿ ಕಾಕಾ ಮತ್ತ ಯಾವಾಗ ಬರತಾನ್ರಿ?" ಎಂದು ಪೀಡಿಸುತ್ತಿದ್ದರು. ನನಗೆ ಆ ಖಾಲಿ ಜಾಗ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಗುರುವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಭಾಗ್ಯಾ ಎಂದಿನಂತೆ ಚೀಲಗಳ ಹಿಂದೆ. ಹುಲಿಗೆವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಪೇಟಿ ಎಲ್ಲಿ ಇಟ್ಟೀರಿ?" ಎಂದು ಕೇಳಿದರು. ಅಟ್ಟದ ಮೇಲೆ ಎಂದೆ.

"ಇಳಸ್ರಿ. ಇಲ್ಲಿಗೆ ತರ್ರಿ" ಎಂದರು.

ನಾನು ಗಾಬರಿಯಾಗಿ ಚೀಲಗಳ ಕಡೆ ನೋಡಿದೆ. ಅವರು ದನಿ ತಗ್ಗಿಸಿ ಹೇಳಿದರು. "ಅಕ್ಕೋರ, ಕೂಸು ಸಪ್ಪಳಕ್ಕ ಅಂಜಿಲ್ಲ. ಆ ಪೇಟಿ ಬಾರಿಸಿದ್ರ ಮನ್ಯಾಗ ಒಬ್ಬರು ಕಡಿಮಿ ಆಗತಾರಂತ ತಿಳಕೊಂಡೈತಿ. ಬಾಯಿಲೆ ಹೇಳಿದ್ರ ನಂಬತೈತೇನು? ಬಂದು ಬಾರಿಸಿ ಹೋಗ್ರಿ. ಆಮೇಲೆ ಅದು ಎಣಿಸಿ ನೋಡಲಿ, ನಾವು ಅಷ್ಟೂ ಮಂದಿ ಇದ್ದೀವೋ ಇಲ್ಲೋ ಅಂತ."

ಶರಣಪ್ಪನನ್ನು ಒಪ್ಪಿಸುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಭಾನುವಾರ ಸಂಜೆ ಹಾರ್ಮೋನಿಯಂ ಹೊತ್ತು ನಾನು, ಮಂಜುನಾಥ, ಖಾಜಾಸಾಬ್ ಆ ಮನೆಗೆ ಹೋದೆವು. ಈ ಸಲ ಊರಿಗೆಲ್ಲ ಮೊದಲೇ ಹೇಳಿಸಿದ್ದೆ. ಗಂಗವ್ವ ಚಹಾ ಮಾಡಿ ತಂದರು. ಶರಣಪ್ಪ ಗೋಡೆಗೆ ಒರಗಿ, ಕೈಕಟ್ಟಿಕೊಂಡು ಕುಳಿತರು. ಅವರ ಮುಖ ನೋಡದೆ ಹಾರ್ಮೋನಿಯಂ ತೆರೆದೆ. ಮತ್ತೆ ಆ ಕೂಸು ಚೀರಿದರೆ? ಇನ್ನೂ ಹೆಚ್ಚು ಹೆದರಿಬಿಟ್ಟರೆ? ನಾನು ನುಡಿಸಲು ಹಿಂಜರಿಯುವುದನ್ನು ಕಂಡು ಹುಲಿಗೆವ್ವ, "ಬಾರಸ್ರಿ. ಸತ್ತ ಮ್ಯಾಲ ನನಗ ಕೇಳಸತೈತೇನು?" ಎಂದು ಗದರಿದರು.

ಚಿಕ್ಕದೊಂದು ಧಾಟಿ ನುಡಿಸಿದೆ. ಚೀಲಗಳ ಹಿಂದಿನಿಂದ ಬಿಕ್ಕುವ ಸದ್ದು ಬಂತು. ನಿಲ್ಲಿಸಲು ಹೋದೆ, ಹುಲಿಗೆವ್ವ ಕೈಸನ್ನೆಯಿಂದಲೇ ಬೇಡ ಎಂದರು. ಮುಗಿಸಿದೆ. ಸ್ವಲ್ಪ ಹೊತ್ತಿಗೆ ಭಾಗ್ಯಾ ಹೊರಗೆ ಬಂದಳು. ನೇರ ಅಜ್ಜಿಯ ಹತ್ತಿರ ಹೋಗಿ ಪಾದ ಮುಟ್ಟಿದಳು, ಮುಖ ಮುಟ್ಟಿದಳು. ಅಪ್ಪನ ಹೆಗಲು ಮುಟ್ಟಿದಳು. ಹಿತ್ತಲ ಬಾಗಿಲಿಗೆ ಹೋಗಿ ಎಮ್ಮೆ ಇದೆಯೇ ಎಂದೂ ನೋಡಿ ಬಂದಳು. ಆಮೇಲೆ ಮತ್ತೆ ಚೀಲಗಳ ಹಿಂದೆ ಹೋದಳು.

ಎರಡನೆಯದನ್ನು ಮಂಜುನಾಥ ವಯಲಿನ್‌ನಲ್ಲಿ ನುಡಿಸಿದ. ಮುಗಿದ ಕೂಡಲೇ ಮತ್ತೆ ಬಂದು ಅಜ್ಜಿಯನ್ನು ಮುಟ್ಟಿ ನೋಡಿದಳು. ಮೂರನೆಯದಕ್ಕೆ ಒಳಗೆ ಹೋಗಲಿಲ್ಲ, ಚೀಲಕ್ಕೆ ಬೆನ್ನು ಕೊಟ್ಟು ನಿಂತಳು. ಶರಣಪ್ಪ ಅತ್ತ ಮುಖ ತಿರುಗಿಸಿಕೊಂಡು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ನಾನು ನೋಡದವಳಂತೆ ಇದ್ದೆ.

ಖಾಜಾಸಾಬ್ ಕ್ಲಾರ್ನೆಟ್ ಬಾಯಿಯನ್ನು ಒರೆಸಿ ಅವಳ ಮುಂದೆ ಹಿಡಿದು, "ಊದು ಬೇಟಾ, ನಿನಗ ಬರತೈತಿ" ಎಂದರು. ಬಹಳ ಹೊತ್ತು ನೋಡಿ, ಕೊನೆಗೆ ಕೆನ್ನೆ ಉಬ್ಬಿಸಿ ಊದಿದಳು. ಹೊರಟ ಸದ್ದು ಎಂಥದ್ದೆಂದರೆ ಹಿತ್ತಲಲ್ಲಿ ಎಮ್ಮೆ ಒದರಿತು. ಭಾಗ್ಯಾ ಕ್ಲಾರ್ನೆಟ್ ಬಿಟ್ಟು ಎಮ್ಮೆಯ ಕಡೆ ನೋಡಿದಳು, ಮತ್ತೆ ಊದಿದಳು. ಎಮ್ಮೆ ಮತ್ತೆ ಒದರಿತು. ಆಗ ನಕ್ಕಳು ನೋಡಿ. ಜೂನ್‌ನಿಂದ ನನ್ನ ತರಗತಿಯಲ್ಲಿ ಕುಳಿತಿದ್ದ ಆ ಹುಡುಗಿಗೆ ಮುಂದಿನ ಎರಡು ಹಲ್ಲು ಇಲ್ಲ ಎಂಬುದು ನನಗೆ ಗೊತ್ತಾಗಿದ್ದೇ ಅವತ್ತು.

ಮರುದಿನ ಅವಳು ಶಾಲೆಗೆ ಬಂದಳು. ಹುಲಿಗೆವ್ವ ಕೋಲೂರಿಕೊಂಡು ತಾವೇ ಗೇಟಿನ ತನಕ ಬಂದು, ಶನಿವಾರ ಪೇಟಿ ಮತ್ತೆ ಶುರುವಾಗಬೇಕೆಂದು ಹೆಡ್‌ಮಾಸ್ತರರಿಗೆ ತಾಕೀತು ಮಾಡಿ ಹೋದರು. ಊರಿಗೆ ಮೊದಲೇ ತಿಳಿಸಬೇಕು ಎಂಬ ಷರತ್ತು ಹಾಕಿ ಹೆಡ್‌ಮಾಸ್ತರರು ಒಪ್ಪಿದರು. ಅಂದಿನಿಂದ ಪ್ರತಿ ಶನಿವಾರ ನಾನು ಹಾರ್ಮೋನಿಯಂ ತೆರೆಯುವ ಮೊದಲು ಮೂರನೇ ತರಗತಿಯ ಇಬ್ಬರು ಹಿಟ್ಟಿನ ಗಿರಣಿಗೂ ಬಸ್‌ಸ್ಟ್ಯಾಂಡಿನ ಹೋಟೆಲಿಗೂ ಓಡಿ, "ಸಾಲ್ಯಾಗ ಸಂಗೀತ ಐತ್ರಿ, ಯಾರೂ ಸತ್ತಿಲ್ಲರಿ" ಎಂದು ಕೂಗಿ ಬರುತ್ತಾರೆ. ತಿಂಗಳಿಗೊಮ್ಮೆ ಮಂಜುನಾಥ, ಖಾಜಾಸಾಬ್ ಬರುತ್ತಾರೆ. ಈಗ ಮಕ್ಕಳು ಕಣ್ಣು ಮುಚ್ಚಿಕೊಂಡು ಸದ್ದಿನಿಂದಲೇ ವಯಲಿನ್ ಯಾವುದು, ಕ್ಲಾರ್ನೆಟ್ ಯಾವುದು ಎಂದು ಹೇಳುತ್ತಾರೆ. ಹಾರ್ಮೋನಿಯಂ ತಿದಿ ಒತ್ತುವ ಕೆಲಸ ಭಾಗ್ಯಾಳದು, ಬೇರೆ ಯಾರಿಗೂ ಮುಟ್ಟಗೊಡುವುದಿಲ್ಲ.

ವಾರ್ಷಿಕ ಪರೀಕ್ಷೆ ಹತ್ತಿರ ಬಂದ ಒಂದು ಶನಿವಾರ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಭಾಗ್ಯಾ ಮಾತ್ರ ನಿಂತಿದ್ದಳು. ಏನವ್ವಾ ಎಂದೆ. "ಟೀಚರ್, ನಮ್ಮವ್ವ ಹೋದಾಗ ಬಾರಿಸಿದ್ದು ಯಾವ ಪದ ಇತ್ರಿ?" ಎಂದು ಕೇಳಿದಳು.

ಆಗ ನಾನು ಈ ಊರಲ್ಲಿ ಇರಲಿಲ್ಲ, ನನಗೆ ಗೊತ್ತಿಲ್ಲವಲ್ಲ ಎಂದೆ. ಹೌದೆನ್ನುವಂತೆ ತಲೆಯಾಡಿಸಿ ಹೋದಳು. ಆದರೆ ನನ್ನ ಹಟದ ಬಗ್ಗೆ ಮೊದಲೇ ಹೇಳಿದ್ದೇನಲ್ಲ. ಭಜನಾ ಸಂಘದ ಹಿರಿಯರ ಮನೆಗೆ ಹೋಗಿ ವಿಚಾರಿಸಿದೆ. "ಅವತ್ತ ಯಾವ್ಯಾವ ಹಾಡಿದ್ವಿ ಯಾರಿಗೆ ನೆನಪೈತ್ರಿ, ರಾತ್ರಿಯೆಲ್ಲಾ ಹಾಡಿರತೀವಿ" ಎಂದರು ಅವರು. ಆದರೂ ಅಂಥ ಹೊತ್ತಿನಲ್ಲಿ ಹಾಡುವ ಪದಗಳನ್ನು ಒಂದೊಂದಾಗಿ ಹೇಳಿಕೊಟ್ಟರು. ದಿನಾ ಸಂಜೆ ಕುಳಿತು ಧಾಟಿ ಕಲಿತುಕೊಂಡೆ.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಭಾಗ್ಯಾಳನ್ನು ಎದುರಿಗೆ ಕೂರಿಸಿಕೊಂಡು ನುಡಿಸಿದೆ. ಮೊದಲನೆಯದು ಕೇಳಿ "ಇದಲ್ಲರಿ" ಎಂದಳು. ಎರಡನೆಯದೂ ಅಲ್ಲ. ಇನ್ನೊಂದೂ ಅಲ್ಲ. ಅದರ ಮುಂದಿನದನ್ನು ಶುರು ಮಾಡಿದಾಗ ಏನೂ ಹೇಳಲಿಲ್ಲ. ತಿದಿ ಒತ್ತುವ ಕೈ ಮಾತ್ರ ಒಮ್ಮೆ ತಡೆದು ಮತ್ತೆ ಒತ್ತತೊಡಗಿತು. ನಾನು ನಿಲ್ಲಿಸದೆ ಕೊನೆಯವರೆಗೂ ನುಡಿಸಿದೆ.

ಮುಗಿದ ಮೇಲೆ "ಛಲೋ ಐತ್ರಿ ಟೀಚರ್" ಎಂದಳು. "ಅವತ್ತ ಎಲ್ಲಾರೂ ಅಳತಿದ್ರು. ನನಗ ಪೂರ್ತಿ ಕೇಳಿಸಿದ್ದಿಲ್ಲ."

ಇನ್ನೊಮ್ಮೆ ನುಡಿಸಲೇ ಎಂದೆ. ಹೂಂ ಎಂದಳು. ಮೊದಲಿನಿಂದ ಕೊನೆಯವರೆಗೆ ಮತ್ತೆ ನುಡಿಸಿದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಏನೇನೋ ಪಾಠ ಮಾಡಿದ್ದೇನೆ, ಮಕ್ಕಳು ಕಲಿತೂ ಇದ್ದಾರೆ, ಮರೆತೂ ಇದ್ದಾರೆ. ಆದರೆ ಆ ಕೂಸಿಗೆ ಅವಳ ತಾಯಿಯ ಪದವನ್ನು ಯಾರ ಅಳುವೂ ಅಡ್ಡ ಬರದಂತೆ ಪೂರ್ತಿ ಕೇಳಿಸಿದ್ದು ನಾನು ಸಾಯುವವರೆಗೂ ಮರೆಯುವಂಥದ್ದಲ್ಲ. ಯಾರೂ ಅಳಲಿಲ್ಲ ಎಂದರೆ ಸುಳ್ಳಾದೀತು. ನಾನು ಅಳುತ್ತಿದ್ದೆ, ಸದ್ದು ಮಾಡಲಿಲ್ಲ ಅಷ್ಟೇ.